ಈ ಮಂಚದ ಕೆಳಗೆ ಯಾರ ಹೊಲ?

ದುಡ್ಡಿಗೆ ಜಾತಿ ಇಲ್ಲ ಅಂದರು.

ಅಂದವರು ಓದಿದವರು. ಕನ್ನಡದ ಮೇಷ್ಟ್ರು. ಅಂದದ್ದು ದೇವನಹಳ್ಳಿ ವಿಮಾನ ನಿಲ್ದಾಣದ ಹತ್ತಿರದ ಒಂದು ಹೋಟೆಲಿನ ಲಿಫ್ಟಿನಲ್ಲಿ, ರಾತ್ರಿ ಒಂದೂವರೆ ಗಂಟೆಗೆ. ಅವರ ಮಾತು ನಾಲ್ಕನೇ ಮಹಡಿ ಬರುವಷ್ಟರಲ್ಲಿ ಮುಗಿಯಿತು. ನಮ್ಮ ಉತ್ತರ ಅಷ್ಟರಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೇ ಬರೆಯುತ್ತಿದ್ದೇವೆ.

ನಾವು ಮೂವರು. ಇಬ್ಬರು ಪದ್ಯ ಬರೆಯುವವರು, ಒಬ್ಬ ಹಲಗಿ ಬಾರಿಸುವವ. ಮೂವರೂ ಗದಗ ಸೀಮೆಯ ಕೇರಿಗಳಿಂದ ಬಂದವರು. ಮೂವರ ಮನೆಯಲ್ಲೂ ಡಿಗ್ರಿ ಅನ್ನುವ ಕಾಗದ ಮೊದಲ ಸಲ ಬಂದದ್ದು ನಮ್ಮ ಕೈಯಾಗೆ. ದೆಹಲಿಯ ವಿದ್ಯಾರ್ಥಿಗಳು ಕವಿಗೋಷ್ಠಿಗೆ ಕರೆದಿದ್ದರು, ಟಿಕೇಟೂ ಅವರೇ ಕಳಿಸಿದ್ದರು. ಹುಬ್ಬಳ್ಳಿಯಿಂದ ಬೆಂಗಳೂರು, ಬೆಂಗಳೂರಿನಿಂದ ದೆಹಲಿ. ನಮ್ಮ ಅಪ್ಪಂದಿರು ವಿಮಾನ ನೋಡಿದ್ದು ಶೇಂಗಾ ಹರಿಯುವಾಗ ತಲೆ ಎತ್ತಿ. ನಾವು ಒಳಗೆ ಕೂತು ಕೆಳಗೆ ನೋಡಿದೆವು. ಖುಷಿಯಾಯಿತು. ಆಗಲಿಲ್ಲ ಅಂತ ಸುಳ್ಳು ಯಾಕೆ ಹೇಳಬೇಕು?

ಹುಬ್ಬಳ್ಳಿಯ ತಪಾಸಣೆಯಲ್ಲಿ ಹಲಗಿಯನ್ನು ಎರಡು ಸಲ ಯಂತ್ರದೊಳಗೆ ತೂರಿಸಿದರು. ತಿರುವಿ ನೋಡಿದರು, ತಟ್ಟಿ ನೋಡಿದರು. "ಇದೇನು, ಚರ್ಮಾನಾ?" ಅಂದರು. "ಹೌದ್ರಿ, ನಿಮ್ಮ ಬೆಲ್ಟಿಂದೂ ಅದs" ಅಂದ ನಮ್ಮ ಗೆಳೆಯ. ಆ ಅಧಿಕಾರಿ ನಕ್ಕು ಬಿಟ್ಟುಕೊಟ್ಟ. ಒಳ್ಳೆಯವನಿರಬೇಕು.

ಬೆಂಗಳೂರಿನಿಂದ ನಮ್ಮ ವಿಮಾನ ರಾತ್ರಿ 9-40ಕ್ಕೆ ಹೊರಡಬೇಕಿತ್ತು. ಮೊದಲು ಒಂದು ತಾಸು ತಡ ಅಂದರು. ಆಮೇಲೆ ಎರಡು ತಾಸು. ಹನ್ನೊಂದಾದ ಮೇಲೆ, ನಾಳೆ ಮುಂಜಾನೆ ಏಳಕ್ಕೆ ಅಂದರು. ಜನ ಎದ್ದರು. ಬಿಳಿ ಅಂಗಿಯವರು, ಗಾಲಿ ಪೆಟ್ಟಿಗೆಯವರು ಕಂಪನಿಯ ಕೌಂಟರಿಗೆ ಹೋಗಿ ಇಂಗ್ಲೀಷಿನಲ್ಲಿ ಗದರಿದರು. ಅವರ ಕೈಗೆ ಹೋಟೆಲಿನ ಚೀಟಿ ಬಂತು. ನಾವು ಕುರ್ಚಿಯಲ್ಲೇ ಕೂತಿದ್ದೆವು. ನಮಗೆ ಯಾರೂ ಏನೂ ಹೇಳಲಿಲ್ಲ. ರಾತ್ರಿ ಎಂಟರಿಂದ ಬೆಳಗಿನ ಜಾವ ಮೂರರ ನಡುವೆ ಹೊರಡಬೇಕಾದ ವಿಮಾನ ಆರು ತಾಸಿಗಿಂತ ಹೆಚ್ಚು ತಡವಾದರೆ, ಕಂಪನಿ ತನ್ನ ಖರ್ಚಿನಲ್ಲೇ ಹೋಟೆಲು ಕೊಡಬೇಕು, ಕರೆದುಕೊಂಡೂ ಹೋಗಬೇಕು ಅಂತ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮವಿದೆ. ಅದು ನಮಗೆ ಗೊತ್ತಿರಲಿಲ್ಲ. ಇವರು ಕೇಳುವ ಜನ ಅಲ್ಲ ಅನ್ನುವುದು ಮಾತ್ರ ಕೌಂಟರಿನವರಿಗೆ ನಮ್ಮ ಮುಖ ನೋಡಿಯೇ ಗೊತ್ತಾಗಿತ್ತು.

ನಿಯಮ ಹೇಳಿಕೊಟ್ಟವರು ಇದೇ ಮೇಷ್ಟ್ರು. ಅವರೂ ಅದೇ ವಿಮಾನಕ್ಕೆ ಕಾದಿದ್ದವರು. "ಹೋಗಿ ಕೇಳ್ರಪ್ಪಾ, ನಿಮ್ಮ ಹಕ್ಕು ಅದು" ಅಂದರು. ಹೋಗಿ ಕೇಳಿದೆವು. ಚೀಟಿ ಬಂತು. ಆ ಋಣ ನಮ್ಮ ಮೇಲಿದೆ, ಒಪ್ಪುತ್ತೇವೆ. ಆದರೆ ಗೆಳೆಯರೇ, ಇಲ್ಲೇ ಒಂದು ಮಾತು ಗುರುತು ಹಾಕಿಕೊಳ್ಳಿ. ನಿಯಮ ಎಲ್ಲರಿಗೂ ಒಂದೇ. ಅದು ಗೊತ್ತಿರುವುದು ಮಾತ್ರ ಕೆಲವರಿಗೆ. ಯಾವ ಮನೆಯಲ್ಲಿ ಮೂರು ತಲೆಮಾರಿನಿಂದ ಅಕ್ಷರ ಇದೆಯೋ ಆ ಮನೆಯ ಹುಡುಗ ಕೌಂಟರಿಗೆ ನೆಟ್ಟಗೆ ನಡೆದು ಹೋಗುತ್ತಾನೆ. ಯಾವ ಮನೆಯಲ್ಲಿ ಗೌಡರ ಕಟ್ಟೆಯ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದರೋ ಆ ಮನೆಯ ಹುಡುಗ ಬಿ.ಎ. ಪಾಸಾಗಿದ್ದರೂ ಕುರ್ಚಿ ಬಿಟ್ಟು ಏಳುವುದಿಲ್ಲ. ಇದಕ್ಕೆ ಏನು ಹೆಸರು, ಮೇಷ್ಟ್ರೇ? ದುಡ್ಡು ಅಂತಲೋ, ಜಾತಿ ಅಂತಲೋ?

ಹೊರಗೆ ಬಂದು ಹೋಟೆಲಿನ ವ್ಯಾನಿಗೆ ನಿಂತೆವು. ಗೋಡೆಯ ಬದಿಗೆ ಇಬ್ಬರು ಹುಡುಗರು ಬರಿನೆಲದ ಮೇಲೆ ಟವೆಲ್ ಹಾಸಿ ಮಲಗಿದ್ದರು. ರಾಯಚೂರು ಕಡೆಯವರು, ಕುವೈತಿಗೆ ಹೊರಟವರು. ಅವರ ವಿಮಾನ ತಡವೇನೂ ಆಗಿರಲಿಲ್ಲ. ಬೆಳಗ್ಗೆ ಇರುವ ವಿಮಾನಕ್ಕೆ ಬಸ್ಸು ತಪ್ಪೀತು ಅಂತ ಹಿಂದಿನ ದಿನವೇ ಬಂದಿದ್ದರು. "ಒಂದು ರೂಮು ಮಾಡಬೇಕಿಲ್ಲೇನ್ರೋ?" ಅಂದೆವು. "ಇಲ್ಲಿ ಒಂದು ರಾತ್ರಿ ರೂಮಿನ ರೊಕ್ಕದಾಗ ನಮ್ಮನಿಗೆ ಒಂದು ತಿಂಗಳದ ಸಂತಿ ಆಗ್ತೈತಿ ಅಣ್ಣಾ" ಅಂದ ಒಬ್ಬ. ಪಾಸ್‌ಪೋರ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡಿದ್ದ.

ಆ ಪಾಸ್‌ಪೋರ್ಟಿನ ಕಥೆಯೂ ಕೇಳಿ. ಹತ್ತನೇ ಇಯತ್ತೆ ಪಾಸಾಗದವನ ಪಾಸ್‌ಪೋರ್ಟಿನಲ್ಲಿ ಇ.ಸಿ.ಆರ್. ಅಂತ ಗುರುತು ಬೀಳುತ್ತದೆ. 1983ರ ವಲಸೆ ಕಾಯ್ದೆಯ ಪ್ರಕಾರ ಅಂಥವನು ಕೂಲಿಗೆಂದು ಕೊಲ್ಲಿ ದೇಶಗಳಿಗೆ ಹೋಗಬೇಕಾದರೆ ಬೇರೆ ಪರವಾನಗಿ ಬೇಕು. ಮೋಸ ಹೋಗದಿರಲಿ ಅಂತ ಮಾಡಿದ ಕಾಯ್ದೆ, ಸರಿ. ಆದರೆ 2018ರ ಜನವರಿಯಲ್ಲಿ ದೆಹಲಿಯ ಸರ್ಕಾರ ಏನು ಹೇಳಿತ್ತು ನೆನಪಿದೆಯಾ? ಇಂಥವರ ಪಾಸ್‌ಪೋರ್ಟಿಗೆ ಕಿತ್ತಳೆ ಬಣ್ಣದ ಹೊದಿಕೆ ಹಾಕುತ್ತೇವೆ ಅಂದಿತ್ತು. ಓದಿದವನಿಗೆ ನೀಲಿ, ಓದದವನಿಗೆ ಕಿತ್ತಳೆ. ಕೊರಳಿಗೆ ಮಡಕೆ ಕಟ್ಟಿದ ದೇಶಕ್ಕೆ ಪಾಸ್‌ಪೋರ್ಟಿಗೆ ಬಣ್ಣ ಕಟ್ಟುವುದು ದೊಡ್ಡ ಮಾತೇ? ಜನ ಕೂಗೆದ್ದರು. ಅದೇ ತಿಂಗಳ 30ರಂದು ಸರ್ಕಾರ ಮಾತು ಹಿಂದಕ್ಕೆ ತೆಗೆದುಕೊಂಡಿತು. ಕೂಗಿದ್ದಕ್ಕೆ ನಿಂತಿತು. ಕೂಗದಿದ್ದರೆ ಇವತ್ತು ಈ ಹುಡುಗನ ಎದೆಯ ಮೇಲೆ ಕಿತ್ತಳೆ ಇರುತ್ತಿತ್ತು.

ಹೋಟೆಲು. ಬಾಗಿಲು ತಾನೇ ತೆರೆದುಕೊಂಡಿತು. ತಂಪು ಗಾಳಿ, ಹೂವಿನ ವಾಸನೆ. ಕಂಪ್ಯೂಟರಿನ ಮುಂದೆ ಕೂತ ಹುಡುಗ "ಸರ್‌ನೇಮ್ ಸರ್?" ಅಂದ. ಇಲ್ಲ ಅಂದೆವು. "ಆ ಜಾಗ ಖಾಲಿ ಬಿಟ್ರೆ ತಗೊಳ್ಳಲ್ಲ ಸರ್." ಸರಿ, ಅಪ್ಪನ ಹೆಸರು ಹಾಕಪ್ಪ ಅಂದೆವು. ಊರಿನಲ್ಲಿ ನಮ್ಮಪ್ಪನ ಹೆಸರನ್ನು ಯಾರೂ ಪೂರ್ತಿ ಕರೆದದ್ದಿಲ್ಲ. ತುದಿಯ 'ಅಪ್ಪ' ಕತ್ತರಿಸಿಯೇ ಕರೆದರು. ಇಲ್ಲಿ ಅದು ಪೂರ್ತಿಯಾಗಿ ಬಿತ್ತು. ನಮ್ಮವ್ವ ನೋಡಿದ್ದರೆ ನಗುತ್ತಿದ್ದಳು.

ಆಮೇಲೆ ಲಿಫ್ಟು. ಆ ಮಾತು. "ನೋಡ್ರಪ್ಪಾ, ಇಲ್ಲಿ ನಿಮ್ಮನ್ನ ಯಾರಾದ್ರೂ ಜಾತಿ ಕೇಳಿದ್ರಾ? ಇಲ್ಲ. ಇದೇ ಬದಲಾವಣೆ. ದುಡ್ಡಿಗೆ ಜಾತಿ ಇಲ್ಲ. ನೀವೂ ಹಳೇ ಹಾಡು ಬಿಡಬೇಕು."

ಮೇಷ್ಟ್ರೇ, ಹಳೇ ಹಾಡು ಅಂದರೆ ಯಾವುದು? ನಡುದಾರಿಯಲ್ಲಿ ಕತ್ತಲಾದಾಗ ತಲೆಯ ಮೇಲೆ ಒಂದು ಸೂರು ಕೇಳುವುದು ನಮಗೆ ಕಥೆಯಲ್ಲ. 1901ರಲ್ಲಿ ಸಾತಾರದ ಹುಡುಗರು ಕೋರೆಗಾಂವದಲ್ಲಿ ಕೆಲಸಕ್ಕಿದ್ದ ಅಪ್ಪನನ್ನು ನೋಡಲು ಹೊರಟರು. ಹೊಸ ಅಂಗಿ, ಜರಿ ಟೊಪ್ಪಿಗೆ. ಮಸೂರ ಸ್ಟೇಷನ್ನಿನಲ್ಲಿ ಇಳಿದರು. ಬಟ್ಟೆ ನೋಡಿ ಮೇಲುಜಾತಿಯ ಮಕ್ಕಳು ಅಂದುಕೊಂಡು ವಿಚಾರಿಸಲು ಬಂದ ಸ್ಟೇಷನ್ ಮಾಸ್ತರ, ಮಹಾರರು ಅಂತ ಕೇಳಿದ್ದೇ ಹಿಂದಕ್ಕೆ ಸರಿದ. ಬಂಡಿಯವರು ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಒಬ್ಬ ಇಮ್ಮಡಿ ಬಾಡಿಗೆಗೆ ಒಪ್ಪಿದ. ಬಂಡಿ ಮಕ್ಕಳೇ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ. ರಾತ್ರಿ ಸುಂಕದ ಕಟ್ಟೆಯ ಹತ್ತಿರ ತಂಗಿದರು. ಬುತ್ತಿ ಇತ್ತು, ನೀರಿರಲಿಲ್ಲ. ನೀರು ಕೊಡುವವರಿರಲಿಲ್ಲ. ಹಸಿದೇ ಮಲಗಿದರು. ಆ ಹುಡುಗರಲ್ಲಿ ಒಬ್ಬನ ಹೆಸರು ಭೀಮರಾವ್.

ಅದೇ ಭೀಮರಾವ್ ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ 1917ರಲ್ಲಿ ಬರೋಡಾ ಸಂಸ್ಥಾನದ ಚಾಕರಿಗೆ ಬಂದರು. ಕೈಯಲ್ಲಿ ದುಡ್ಡಿತ್ತು, ದೊಡ್ಡ ವಿದ್ಯೆ ಇತ್ತು. ಉಳಿಯಲು ಕೋಣೆ ಸಿಗಲಿಲ್ಲ. ಪಾರ್ಸಿ ಛತ್ರವೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಬಾಡಿಗೆ ಕೊಟ್ಟು ಉಳಿದರು. ಹನ್ನೊಂದನೇ ದಿನ ಬೆಳಗ್ಗೆ ಕೋಲು ಹಿಡಿದು ಹನ್ನೆರಡು ಮಂದಿ ಬಂದರು. ಗೆಳೆಯರ ಮನೆಯಲ್ಲೂ ಜಾಗವಾಗಲಿಲ್ಲ. ಊರಿನ ತೋಟದಲ್ಲಿ ಕೂತು ಕಾದು, ರಾತ್ರಿಯ ರೈಲಿಗೆ ಮುಂಬಯಿಗೆ ಹೊರಟರು. ಈ ಎರಡೂ ಸಂಗತಿಗಳನ್ನು ಬಾಬಾಸಾಹೇಬರೇ ಬರೆದಿಟ್ಟಿದ್ದಾರೆ. ಆ ಬರಹಕ್ಕೆ ಇರುವ ಹೆಸರಿನ ಅರ್ಥ 'ವೀಸಾಕ್ಕಾಗಿ ಕಾಯುತ್ತಾ' ಎಂದು.

ದುಡ್ಡಿಗೆ ಜಾತಿ ಇಲ್ಲದಿದ್ದರೆ ಬರೋಡಾದಲ್ಲಿ ಅವರ ದುಡ್ಡು ಯಾಕೆ ನಡೆಯಲಿಲ್ಲ? ಆ ಛತ್ರದ ಬಾಗಿಲನ್ನು ದುಡ್ಡು ತೆರೆಯಲಿಲ್ಲ ಸ್ವಾಮೀ. ತೆರೆದದ್ದು ಚಳವಳಿ, ತೆರೆದದ್ದು ಸಂವಿಧಾನ. 15ನೇ ವಿಧಿಯ ಎರಡನೇ ಕಲಮು ಓದಿ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಂತ ಒಂದೊಂದನ್ನೂ ಹೆಸರು ಹಿಡಿದು ಹೇಳುತ್ತದೆ. ಸಂವಿಧಾನದಂಥ ದೊಡ್ಡ ಪುಸ್ತಕಕ್ಕೆ ಹೋಟೆಲು, ಬಾವಿಯಂಥ ಮಾತು ಯಾಕೆ ಬೇಕಾಯಿತು? ಹೆಸರು ಹೇಳದಿದ್ದರೆ ಬಾಗಿಲು ತೆರೆಯುವುದಿಲ್ಲ ಅಂತ ಬರೆದವರಿಗೆ ಗೊತ್ತಿತ್ತು. ಅವರು ಬಾಗಿಲ ಹೊರಗೆ ನಿಂತಿದ್ದವರು.

ಈಗ ಕೋಣೆ. ಸುಳ್ಳು ಹೇಳುವುದಿಲ್ಲ, ಚೆನ್ನಾಗಿತ್ತು. ಮಂಚ ಹತ್ತಿಯ ಹಾಗೆ. ಬಿಳಿಯ ಹಾಸಿಗೆಯ ಮೇಲೆ ಕೂರಲು ಮೊದಲು ಹೆದರಿಕೆ, ಕಲೆಯಾದರೆ ಅಂತ. ಬಿಸಿನೀರು ತಿರುವಿದರೆ ಬರುತ್ತದೆ, ನಿಲ್ಲುವುದಿಲ್ಲ. ನಮ್ಮ ಕೇರಿಯ ನಳ ಎಂಟು ದಿನಕ್ಕೊಮ್ಮೆ ಬರುತ್ತದೆ. ನಮ್ಮ ಎಡಪಂಥದ ಗೆಳೆಯರು ಕೆಲವರು ಇದನ್ನು ಓದಿ ಮುಖ ಸಿಂಡರಿಸಬಹುದು: ದಲಿತ ಕವಿಗಳಿಗೆ ಬಂಡವಾಳಶಾಹಿಯ ಮಂಚ ಯಾಕೆ ಅಂತ. ಅವರಿಗೆ ಹೇಳುತ್ತೇವೆ: ಅಯ್ಯಾ, ಮೆತ್ತನೆಯ ಮಂಚದ ಮೇಲೆ ಹುಟ್ಟಿದವನಿಗೆ ನೆಲದ ಮೇಲೆ ಮಲಗುವುದು ಆದರ್ಶ. ನೆಲದ ಮೇಲೆ ಹುಟ್ಟಿದವನಿಗೆ ಅದು ಬೆನ್ನುನೋವು. ನಮಗೆ ಮಂಚ ಬೇಕು. ನಮ್ಮವ್ವನಿಗೂ ಬೇಕು. ಹೊರಗೆ ಟವೆಲ್ ಹಾಸಿ ಮಲಗಿದ ಆ ಇಬ್ಬರಿಗೂ ಬೇಕು. ನಾವು ಕೇಳುವುದು ಮಂಚ ಯಾಕೆ ಅಂತಲ್ಲ, ಈ ಮಂಚದ ಕೆಳಗೆ ಯಾರ ಹೊಲ ಇದೆ ಅಂತ.

ಉತ್ತರ ಬೆಳಗ್ಗೆ ಐದಕ್ಕೆ ಸಿಕ್ಕಿತು.

ನಿದ್ದೆ ಬಾರದೆ ಹೊರಗೆ ಬಂದೆವು. ಓಣಿಯಂಥ ಹಾದಿಯಲ್ಲಿ ಒಬ್ಬ ಹೆಂಗಸು ತಳ್ಳುಗಾಡಿಯಲ್ಲಿ ಹೊಲಸು ಹಾಸಿಗೆಬಟ್ಟೆ ತುಂಬುತ್ತಿದ್ದಳು. ನಮ್ಮನ್ನು ಕಂಡು ಗೋಡೆಗೆ ಒತ್ತಿ ನಿಂತಳು. ಆ ನಿಲುವು ನಮಗೆ ಗೊತ್ತು. ನಮ್ಮವ್ವ ಊರ ಅಗಸಿಯಲ್ಲಿ ಹಾಗೇ ನಿಲ್ಲುತ್ತಿದ್ದಳು. "ಯಾಕ್ರಿ ಅಕ್ಕಾ, ಹಂಗ್ಯಾಕ ನಿಂತ್ರಿ" ಅಂದೆವು. ಮುಖ ನೋಡಿದಳು. "ಯಾವೂರಪ್ಪ ನಿಮ್ದು? ಮಾತು ಬ್ಯಾರೆ ತರ ಐತಲ್ಲ" ಅಂದಳು. ಹೇಳಿದೆವು. ಯಾವ ಕೇರಿ ಅಂತ ಅವಳು ಕೇಳಲಿಲ್ಲ, ಹಲಗಿ ನೋಡಿ ತಿಳಿದುಕೊಂಡಳು. ಆಮೇಲೆ ಮಾತು ಸಲೀಸಾಯಿತು.

"ನಮ್ದು ಇಲ್ಲೇ ಕಣಪ್ಪ. ನಮ್ಮವ್ವ ಈ ಜಾಗದಾಗೆ ಕಳೆ ಕಿತ್ತವಳು. ಎಲ್ಲಾ ರಾಗಿ ಹೊಲ ಇತ್ತು, ದ್ರಾಕ್ಷಿ ತೋಟ ಇತ್ತು. ಈಗ ಇಮಾನ ಇಳೀತದಲ್ಲ, ಅಲ್ಲೆಲ್ಲಾ."

"ಪರಿಹಾರ ಬಂತೇನ್ರಿ?"

ಅವಳು ನಕ್ಕಳು. "ಹೊಲ ಇದ್ದೋರಿಗೆ ಬಂತು. ನಮ್ಗೆಲ್ಲಿ? ನಮ್ಮ ಹೆಸ್ರು ಪಾಣೀಲಿ ಐತಾ? ಹೊಲ ಅವರದು, ಬೆನ್ನು ನಮ್ದು. ಬೆನ್ನಿಗೆ ಯಾರು ದುಡ್ಡು ಕೊಡ್ತಾರೆ?"

ಇಲ್ಲಿ ಒಳಗೆ ಕೆಲಸಕ್ಕೆ ಯಾರ್ಯಾರು ಅಂತ ಕೇಳಿದೆವು. "ಕಸ ಗುಡ್ಸೋದು, ಕಕ್ಕಸ್ಸು ತೊಳ್ಯೋದು ನಮ್ಮೋರೇ ಜಾಸ್ತಿ. ಕಂತ್ರಾಟು. ಮುಂದುಗಡೆ ನಿಲ್ಲೋಕೆ ಇಂಗ್ಲೀಷು ಬೇಕಂತೆ, ಬಣ್ಣ ಬೇಕಂತೆ. ಜಾತಿ ಯಾರೂ ಕೇಳಲ್ಲಪ್ಪ." ಊಟ ಎಲ್ಲಿ ಅಂದರೆ ನೆಲಮಾಳಿಗೆ ತೋರಿಸಿದಳು. ಬಂದುಹೋಗುವ ಬಾಗಿಲು ಹಿಂದಿನದು. ನೀವೇನು ಕೆಲಸ ಮಾಡ್ತೀರಿ ಅಂದಳು. ಪದ್ಯ ಬರೀತೀವಿ ಅಂದೆವು. "ಅದ್ಕೆ ಸಂಬ್ಳ ಕೊಡ್ತಾರಾ?" ಅಂದಳು. ಇಲ್ಲ ಅಂದೆವು. "ಅಯ್ಯೋ ಪಾಪ" ಅಂದು ಗಾಡಿ ತಳ್ಳಿಕೊಂಡು ಹೋದಳು.

ಮೇಷ್ಟ್ರೇ, ಕೇಳಿದಿರಾ? ಇಲ್ಲಿ ಜಾತಿ ಯಾರೂ ಕೇಳುವುದಿಲ್ಲ. ನಿಮಗೂ ಕೇಳಲಿಲ್ಲ, ನಮಗೂ ಕೇಳಲಿಲ್ಲ, ಅವಳಿಗೂ ಕೇಳಲಿಲ್ಲ. ಆದರೂ ಕಕ್ಕಸ್ಸಿನ ಬಾಗಿಲಿಗೆ ಅವಳೇ ಬಂದು ನಿಂತಳು. ಯಾರೂ ಕೇಳದೆ ಪ್ರತಿಯೊಬ್ಬರೂ ತಂತಮ್ಮ ಜಾಗಕ್ಕೆ ಹೋಗಿ ನಿಲ್ಲುವಂತೆ ಮಾಡುವುದೇ ಜಾತಿ. ಕೇಳಬೇಕಾದ ಕಾಲ ಹಳೆಯದು. ಈಗ ಅದು ತಾನೇ ತೆರೆದುಕೊಳ್ಳುವ ಬಾಗಿಲಿನಂತೆ ಕೆಲಸ ಮಾಡುತ್ತದೆ.

ನೆಲದ ಲೆಕ್ಕ ನೋಡೋಣ. ಈ ನಿಲ್ದಾಣಕ್ಕಾಗಿ ದೇವನಹಳ್ಳಿ ಸೀಮೆಯಲ್ಲಿ ಸುಮಾರು 4,000 ಎಕರೆ ಹೋಯಿತು. 2005ರಲ್ಲಿ ಕಟ್ಟಲು ಶುರು ಮಾಡಿದರು. 2008ರ ಮೇ 24ರಂದು ವಿಮಾನ ಹಾರಿತು. 2013ರಲ್ಲಿ ಕೆಂಪೇಗೌಡರ ಹೆಸರಿಟ್ಟರು. 2022ರ ನವೆಂಬರ್ 11ರಂದು ಎರಡನೇ ಟರ್ಮಿನಲ್ಲೂ, 108 ಅಡಿಯ ಪ್ರತಿಮೆಯೂ ಉದ್ಘಾಟನೆಯಾದವು. ಟರ್ಮಿನಲ್ಲಿನ ಸೂರಿಗೆಲ್ಲ ಬಿದಿರು. ಮೇದರ ಕೇರಿಯಲ್ಲಿ ಬಿದಿರು ಸೀಳುವವನ ಕೈಯ ಗಾಯವನ್ನು ಯಾರೂ ಫೋಟೋ ತೆಗೆಯುವುದಿಲ್ಲ. ಈ ಬಿದಿರಿನ ಕೆಳಗೆ ಎಲ್ಲರೂ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಕೈಗಾರಿಕೆಯ ಹೆಸರಿನಲ್ಲಿ ಭೂಮಿ ತೆಗೆದುಕೊಳ್ಳಲು ನಮ್ಮ ರಾಜ್ಯದಲ್ಲಿ 1966ರ ಕೆ.ಐ.ಎ.ಡಿ.ಬಿ. ಕಾಯ್ದೆ ಇದೆ. ಮೊದಲ ನೋಟೀಸು, ಅಂತಿಮ ನೋಟೀಸು, ಆಮೇಲೆ ಜೆಸಿಬಿ. ಪರಿಹಾರ ಪಹಣಿಯಲ್ಲಿ ಹೆಸರಿದ್ದವನಿಗೆ. ಬಗರ್ ಹುಕುಂ ಉಳುಮೆ ಮಾಡಿ, ಅರ್ಜಿ ಕೊಟ್ಟು, ಹಕ್ಕುಪತ್ರಕ್ಕೆ ಇಪ್ಪತ್ತು ವರ್ಷ ಕಾದವನಿಗೆ ಇಲ್ಲ. ಕಳೆ ಕಿತ್ತವಳಿಗೆ ಇಲ್ಲವೇ ಇಲ್ಲ. ಸರ್ಕಾರ ನಮ್ಮ ಜನಕ್ಕೆ ಕೊಟ್ಟ ತುಂಡು ಭೂಮಿ ಕೈಬಿಡದಿರಲಿ ಅಂತ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಬಂತು. ಸಾಹುಕಾರ ಕೊಂಡರೆ ಅದನ್ನು ಬಿಡಿಸಿಕೊಡುವ ಕಾಯ್ದೆ ಅದು. ಸರ್ಕಾರವೇ ಕಿತ್ತುಕೊಂಡರೆ? ಬೇಲಿಯೇ ಎದ್ದು ಹೊಲ ಮೇಯ್ದರೆ ಯಾವ ಕಟಕಟೆ?

2013ರಲ್ಲಿ ಕೇಂದ್ರದ ಹೊಸ ಭೂಸ್ವಾಧೀನ ಕಾಯ್ದೆ ಬಂತು. ಅದರಲ್ಲಿ ಒಂದು ಒಳ್ಳೆಯ ಮಾತಿದೆ. ಸ್ವಂತ ಭೂಮಿ ಇಲ್ಲದಿದ್ದರೂ, ಮೂರು ವರ್ಷದಿಂದ ಆ ನೆಲದಲ್ಲಿ ಕೂಲಿ ಮಾಡಿ ಬದುಕಿದ ಕುಟುಂಬವೂ ಬಾಧಿತ ಕುಟುಂಬ ಅನ್ನುತ್ತದೆ. ಕೂಲಿಯವಳ ಬೆನ್ನು ಕಾನೂನಿನ ಕಣ್ಣಿಗೆ ಬಿದ್ದದ್ದಕ್ಕೆ 1894ರ ಬ್ರಿಟಿಷರ ಕಾಯ್ದೆಯಿಂದ ಲೆಕ್ಕ ಹಾಕಿದರೆ 119 ವರ್ಷ ಬೇಕಾಯಿತು. ಅಷ್ಟರಲ್ಲಿ ಆ ಅಕ್ಕನ ಅವ್ವ ಕಿತ್ತ ಕಳೆಯ ಮೇಲೆ ವಿಮಾನ ಇಳಿದು ಐದು ವರ್ಷವಾಗಿತ್ತು.

ಹಾಗಂತ ಸೋತೆವು ಅಂತ ಕೂರುವುದಕ್ಕಲ್ಲ ಇದನ್ನು ಬರೆದದ್ದು. ಅದೇ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಗೆ ಹೋಗಿ ನೋಡಿ. ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಗಳಿಗೆ ಅಂತ 13 ಹಳ್ಳಿಗಳ 1,777 ಎಕರೆಗೆ ನೋಟೀಸು ಕೊಟ್ಟರು. ಜನ 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. ಸರ್ಕಾರ ಬದಲಾಯಿತು, ಧರಣಿ ಬದಲಾಗಲಿಲ್ಲ. ಹೊಲವಿದ್ದ ಒಕ್ಕಲಿಗನೂ ತುಂಡು ಭೂಮಿಯ ದಲಿತನೂ ಒಂದೇ ಚಪ್ಪರದಲ್ಲಿ ಕೂತರು. 2025ರ ಜೂನ್ 25ರಂದು ದೇವನಹಳ್ಳಿ ಚಲೋ ನಡೆಸಿದಾಗ ಪೊಲೀಸರು ಎಳೆದು ವ್ಯಾನಿಗೆ ತುಂಬಿದರು. ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಟ್ಟಿದ್ದೇವೆ ಅಂತ ಹೇಳಲೇಬೇಕಾಯಿತು. 1,198 ದಿನ! ನಮ್ಮ ಒಂದು ವಿಮಾನ ಒಂಬತ್ತು ತಾಸು ತಡವಾದದ್ದಕ್ಕೆ ಕಂಪನಿ ಮಂಚ ಕೊಟ್ಟಿತು. ಮೂರು ವರ್ಷ ಮಳೆಯಲ್ಲಿ ಬಿಸಿಲಲ್ಲಿ ಕೂತವರಿಗೆ ಮಂಚ ಕೊಟ್ಟವರು ಯಾರು?

ಅದಕ್ಕೇ ನಮ್ಮ ಮಾತು ಇಷ್ಟು. ಒಂದು: ಯಾವ ಊರಿಗೇ ಭೂಸ್ವಾಧೀನದ ನೋಟೀಸು ಬರಲಿ, ಹೊಲದವನ ಲೆಕ್ಕದ ಜೊತೆಗೇ ಕೂಲಿಯವರ ಲೆಕ್ಕವೂ ಬರೆಯಬೇಕು. ಕೆ.ಐ.ಎ.ಡಿ.ಬಿ. ತೆಗೆದುಕೊಂಡರೂ ಅಷ್ಟೇ. ರೈತ ಸಂಘಟನೆಯ ಗೆಳೆಯರೇ, ನಿಮ್ಮ ಬೇಡಿಕೆಯ ಪಟ್ಟಿಯಲ್ಲಿ ಎಕರೆಯ ಬೆಲೆಯ ಕೆಳಗೆ ಕೂಲಿಯವಳ ಹೆಸರು ಇಲ್ಲದಿದ್ದರೆ ನಿಮ್ಮ ಚಪ್ಪರಕ್ಕೆ ನಮ್ಮ ಹಲಗಿ ಬರುವುದಿಲ್ಲ. ಎರಡು: ಯಾರ ನೆಲದ ಮೇಲೆ ನಿಲ್ದಾಣ, ಹೋಟೆಲು ಎದ್ದಿತೋ ಆ ಊರಿನ ಕೇರಿಯವರಿಗೆ ಕಂತ್ರಾಟಿನ ಪೊರಕೆಯಲ್ಲ, ಖಾಯಂ ಕೆಲಸ ಬೇಕು, ಇಂಗ್ಲೀಷು ಬೇಕೆಂದರೆ ಕಲಿಸಿ ಕೆಲಸ ಕೊಡಿ. ಮೂರನೆಯದು ಹಳ್ಳಿಯ ಶಾಲೆಗಳಲ್ಲಿ ಪಾಠ ಹೇಳುವ ನಮ್ಮ ಗೆಳೆಯರಿಗೆ. ನಿಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತ ಹುಡುಗನಿಗೆ ಪದ್ಯ ಬಾಯಿಪಾಠ ಮಾಡಿಸುವ ಮುಂಚೆ ಎದ್ದು ನಿಂತು ಕೇಳುವುದನ್ನು ಕಲಿಸಿ. 15ನೇ ವಿಧಿ ಓದಿಸಿ. ರೇಷನ್ ಅಂಗಡಿಯ ನಿಯಮ ಓದಿಸಿ, ಬಸ್ಸಿನ ನಿಯಮ ಓದಿಸಿ, ಬೇಕಾದರೆ ವಿಮಾನದ ನಿಯಮವನ್ನೂ ಓದಿಸಿ. ಅವನು ಒಂದು ದಿನ ಹತ್ತುತ್ತಾನೆ. ಆಗ ಅವನಿಗೆ ನಿಯಮ ಹೇಳಿಕೊಡಲು ಪಕ್ಕದ ಕುರ್ಚಿಯಲ್ಲಿ ಯಾವ ಮೇಷ್ಟ್ರೂ ಬೇಕಾಗಬಾರದು.

ಬೆಳಗ್ಗೆ ಆರಕ್ಕೆ ವ್ಯಾನು ಬಂತು. ಗೋಡೆಯ ಬದಿಯಲ್ಲಿ ಮಲಗಿದ್ದ ಹುಡುಗರು ಆಗಲೇ ಹೋಗಿದ್ದರು. ಯಾರೋ ಆ ಜಾಗ ಒರೆಸಿಯೂ ಆಗಿತ್ತು. ಮೇಷ್ಟ್ರು ಮುಂದಿನ ಸೀಟಿನಲ್ಲಿ ಪೇಪರು ಓದುತ್ತಿದ್ದರು. ನಮ್ಮ ಗೆಳೆಯ ಹಲಗಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಸಣ್ಣಗೆ ತಟ್ಟಿದ. ಅವರು ತಿರುಗಿ ನೋಡಿ ನಕ್ಕರು.

ಮೇಷ್ಟ್ರೇ, ನೀವು ಒಳ್ಳೆಯವರು. ನಮಗೆ ನಿಯಮ ಹೇಳಿಕೊಟ್ಟಿರಿ. ನಿಮ್ಮ ಮೇಲೆ ನಮಗೆ ಸಿಟ್ಟಿಲ್ಲ, ನಿಮ್ಮ ಆ ಒಂದು ಮಾತಿನ ಮೇಲೆ ಸಿಟ್ಟಿದೆ. ದುಡ್ಡಿಗೆ ಜಾತಿ ಇಲ್ಲ ಎಂಬುದು ನಿಜವೇ ಆಗಿದ್ದರೆ, ಆ 4,000 ಎಕರೆಯ ದುಡ್ಡು ಕಳೆ ಕಿತ್ತವಳ ಮನೆಯ ದಾರಿಯನ್ನು ಒಮ್ಮೆಯಾದರೂ ಯಾಕೆ ಕೇಳಲಿಲ್ಲ? ಉತ್ತರ ಬರೆಯಿರಿ. ಈ ಪತ್ರಿಕೆಯಲ್ಲಿ ನಿಮಗೂ ಜಾಗವಿದೆ. ಸರ್‌ನೇಮ್ ಬೇಕಿಲ್ಲ.